ಕೊಡಗಿನ ತಟ್ಟೆಯಲ್ಲಿ ಪ್ರೋಟೀನು: ಒಂದು ಸಮೀಕ್ಷೆ

ಕೊಡಗಿನ ಊಟವೆಂದೊಡನೆ ಹೊರಗಿನವರ ನೆನಪಿಗೆ ಮೊದಲು ಬರುವುದು ಪಂದಿ ಕರಿ ಮತ್ತು ಕಡಂಬುಟ್ಟು. ಈ ಖ್ಯಾತಿ ಎಷ್ಟು ಗಟ್ಟಿಯಾಗಿದೆಯೆಂದರೆ, ಆಹಾರದಲ್ಲಿ ಪ್ರೋಟೀನು ಸಾಲದೆಂಬ ಮಾತು ಒಣ ಸೀಮೆಯ ಜಿಲ್ಲೆಗಳಿಗೆ ಸಲ್ಲಬಹುದೇ ಹೊರತು ಮಾಂಸ ಬೇಯುವ ಈ ಗುಡ್ಡನಾಡಿಗೆ ಸಲ್ಲದು ಎಂದು ಅನೇಕರು ಭಾವಿಸುತ್ತಾರೆ. ಆದರೆ 4,102 ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದ ಸುಮಾರು ಐದೂವರೆ ಲಕ್ಷ ಜನರಲ್ಲಿ ಕೊಡವರು ಒಂದು ಭಾಗ ಮಾತ್ರ. ಅರೆಭಾಷೆ ಗೌಡರು, ಸೋಮವಾರಪೇಟೆ ಕಡೆಯ ಲಿಂಗಾಯತರು, ಮಾಪಿಳ್ಳೆಗಳು, ತುಳು ಮಲಯಾಳ ತಮಿಳು ಮಾತಿನ ಕುಟುಂಬಗಳು, ಯರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು, ಕಾಫಿ ತೋಟದ ಲೈನ್ ಮನೆಗಳಲ್ಲಿ ನೆಲೆಸಿ ದುಡಿಯುವವರು, ಇವರೆಲ್ಲರ ಒಲೆಯ ಮೇಲೆ ದಿನವೂ ತಪ್ಪದೆ ಬೇಯುವುದು ಅಕ್ಕಿಯೊಂದೇ. ಹೀಗಾಗಿ ಕೊಡಗಿನಲ್ಲಿ ಪ್ರೋಟೀನಿನ ಪ್ರಶ್ನೆ ಮಾಂಸದ ಪ್ರಶ್ನೆಯಾಗುವುದಕ್ಕೆ ಮುಂಚೆ ಅನ್ನದ ಪ್ರಶ್ನೆಯಾಗುತ್ತದೆ. ಆ ಅನ್ನದ ಜೊತೆಗೆ ಏನು, ವಾರದಲ್ಲಿ ಎಷ್ಟು ದಿನ, ಯಾರ ಮನೆಯಲ್ಲಿ ಎಂಬುದನ್ನು ಬಿಡಿಸಿ ನೋಡದೆ ಇಡೀ ಜಿಲ್ಲೆಯ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು.

ಶಾಲಾ ಪುಸ್ತಕಗಳು ಸಸಾರಜನಕವೆಂದು ಕರೆಯುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಸರಪಳಿಯಾಗಿ ಹೆಣೆದುಕೊಂಡ ದೊಡ್ಡ ಅಣು. ಪಿಷ್ಟ ಮತ್ತು ಕೊಬ್ಬುಗಳಲ್ಲಿಲ್ಲದ ಸಾರಜನಕ ಇದರಲ್ಲಿರುತ್ತದೆ. ಸ್ನಾಯು, ಚರ್ಮ, ರಕ್ತದ ಹಿಮೋಗ್ಲೋಬಿನ್, ಜೀರ್ಣರಸಗಳಲ್ಲಿನ ಕಿಣ್ವಗಳು, ಸೋಂಕನ್ನು ಎದುರಿಸುವ ಪ್ರತಿಕಾಯಗಳು, ಇವೆಲ್ಲವೂ ಬಗೆಬಗೆಯ ಪ್ರೋಟೀನುಗಳು. ದೇಹ ಬಳಸುವ 20 ಅಮೈನೋ ಆಮ್ಲಗಳಲ್ಲಿ 9ನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು; ಇವಕ್ಕೆ ಅವಶ್ಯಕ ಅಮೈನೋ ಆಮ್ಲಗಳೆಂದು ಹೆಸರು. ಕೊಬ್ಬನ್ನು ಕೂಡಿಟ್ಟಂತೆ ಹೆಚ್ಚಿನ ಪ್ರೋಟೀನನ್ನು ಕೂಡಿಡುವ ವ್ಯವಸ್ಥೆ ದೇಹದಲ್ಲಿಲ್ಲ. ಒಂದು ದಿನ ಅಗತ್ಯಕ್ಕೆ ಮೀರಿ ತಿಂದದ್ದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ, ಉಳಿದ ಭಾಗ ಇಂಧನವಾಗಿ ಉರಿಯುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ಹಬ್ಬದ ದಿನ ಮಿತಿಮೀರಿ ತಿಂದ ಮಾಂಸ ಮುಂದಿನ ಹದಿನೈದು ದಿನಗಳ ಬರಿ ಅನ್ನದ ಕೊರತೆಯನ್ನು ತುಂಬಿಕೊಡುವುದಿಲ್ಲ ಎಂಬುದು ಇಲ್ಲಿಂದಲೇ ಹೊರಡುವ ನಿಷ್ಕರ್ಷೆ, ಮತ್ತು ಕೊಡಗಿನ ಮಟ್ಟಿಗೆ ಬಹಳ ಮುಖ್ಯವಾದ ನಿಷ್ಕರ್ಷೆ. ಇದರ ಜೊತೆಗೇ ಗಮನಿಸಬೇಕಾದ ಇನ್ನೊಂದು ನಿಯಮವಿದೆ: ಊಟದಿಂದ ಬರುವ ಒಟ್ಟು ಶಕ್ತಿಯೇ ಸಾಲದೆ ಹೋದರೆ ದೇಹವು ಪ್ರೋಟೀನನ್ನೂ ಸೌದೆಯಂತೆ ಉರಿಸಿಬಿಡುವುದರಿಂದ, ಹಸಿದ ಹೊಟ್ಟೆಗೆ ಬಿದ್ದ ಪ್ರೋಟೀನು ಸ್ನಾಯು ಕಟ್ಟುವ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ.

ಎಷ್ಟು ಬೇಕೆಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕ ಈಗ ಚಾಲ್ತಿಯಲ್ಲಿದೆ. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.66 ಗ್ರಾಂ ಸರಾಸರಿ ಅಗತ್ಯ. ವ್ಯಕ್ತಿಯಿಂದ ವ್ಯಕ್ತಿಗಿರುವ ವ್ಯತ್ಯಾಸವನ್ನು ಸೇರಿಸಿಕೊಂಡು ಶಿಫಾರಸು ಮಾಡಿದ ಪ್ರಮಾಣ 0.83 ಗ್ರಾಂ. 65 ಕಿಲೋ ತೂಗುವ ಗಂಡಸಿಗೆ ಇದು ಸುಮಾರು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಇದರ ಮೇಲೆ 22 ಗ್ರಾಂ, ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳಲ್ಲಿ ಸುಮಾರು 17 ಗ್ರಾಂ ಹೆಚ್ಚಿಗೆ ಬೇಕು. ಈ 0.83ರ ಅಂಕಿಗೆ ಒಂದು ಷರತ್ತು ಅಂಟಿಕೊಂಡಿದೆ: ಊಟದಲ್ಲಿ ಧಾನ್ಯ, ಬೇಳೆ, ಹಾಲು ಮೂರೂ ತಕ್ಕ ಪ್ರಮಾಣದಲ್ಲಿರಬೇಕು. ಸಂಸ್ಥೆ ಸೂಚಿಸಿದ ಅನುಪಾತ 3:1:2.5. ಧಾನ್ಯವೇ ಪ್ರಧಾನವಾಗಿ ಉಳಿದವು ನೆಪಮಾತ್ರಕ್ಕಿರುವ ಊಟದಲ್ಲಿ ಕಿಲೋಗೆ ಒಂದು ಗ್ರಾಂನಷ್ಟು ಬೇಕಾಗುತ್ತದೆ. ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಅಂಕಿ ಉಳಿದು ಷರತ್ತು ಬಿಟ್ಟುಹೋಗುವುದೇ ಹೆಚ್ಚು.

ಈ ಅಂಕಿಗಳ ಹಿಂದೆ ಒಂದು ಶತಮಾನದ ವಾದವಿವಾದವಿದೆ, ಅದರ ಕೆಲವು ಘಟ್ಟಗಳು ಕೊಡಗಿನ ನೆರೆಯಲ್ಲೇ ನಡೆದಿವೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ಆರಂಭಿಸಿದ ಕೆಲಸ. ಸಂಸ್ಥೆ ಹೈದರಾಬಾದಿಗೆ ಹೋದದ್ದು 1958ರಲ್ಲಿ. ಮೆಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿದಾಗ ಗೋಧಿ, ಹಾಲು, ಬೇಳೆಗಳ ಪಂಜಾಬಿ ಊಟ ಮೇಲಿನ ಸ್ಥಾನದಲ್ಲೂ ಅಕ್ಕಿಯೇ ಪ್ರಧಾನವಾದ ಊಟಗಳು ಕೆಳಗಿನ ಸ್ಥಾನದಲ್ಲೂ ನಿಂತವು. 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾದಲ್ಲಿ ಕಂಡ, ಮೊಲೆ ಬಿಟ್ಟ ಮಕ್ಕಳ ಮೈ ಊದಿಸುವ ಕ್ವಾಶಿಯೋರ್ಕರ್ ಕಾಯಿಲೆಯನ್ನು ವರ್ಣಿಸಿದ ಮೇಲೆ ಬಡ ದೇಶಗಳ ಅಪೌಷ್ಟಿಕತೆಯೆಂದರೆ ಪ್ರೋಟೀನಿನ ಅಭಾವವೇ ಎಂಬ ನಂಬಿಕೆ ಬೇರೂರಿತು, 1968ರ ಹೊತ್ತಿಗೆ ವಿಶ್ವಸಂಸ್ಥೆಯೂ ಪ್ರೋಟೀನು ಬಿಕ್ಕಟ್ಟಿನ ಎಚ್ಚರಿಕೆ ಕೊಟ್ಟಿತು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ವಿವಿಧೋದ್ದೇಶ ಆಹಾರವೆಂಬ ಪುಡಿಯನ್ನು ರೂಪಿಸಿದ್ದು ಇದೇ ಕಾಲದ ಚಿಂತನೆಯಿಂದ. ಆದರೆ ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅವರು ಕ್ವಾಶಿಯೋರ್ಕರ್ ಬಂದ ಮಕ್ಕಳ ಊಟಕ್ಕೂ ಬರಿ ಸೊರಗಿದ ಮಕ್ಕಳ ಊಟಕ್ಕೂ ಪ್ರೋಟೀನಿನಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದರು, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ನಿಜವಾದ ಕೊರತೆ ಒಟ್ಟು ಆಹಾರದ್ದೆಂದು ವಾದಿಸಿದರು. 1974ರಲ್ಲಿ ಪೋಷಣಾ ತಜ್ಞ ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಡೀ ಪ್ರೋಟೀನು ಗದ್ದಲವನ್ನೇ ಒಂದು ದೊಡ್ಡ ಎಡವಟ್ಟೆಂದು ಕರೆದರು. ಹೊಟ್ಟೆ ತುಂಬ ಅನ್ನ ಸಿಕ್ಕರೆ ಪ್ರೋಟೀನು ತಾನಾಗಿ ಒದಗುತ್ತದೆ ಎಂಬುದು ಆಮೇಲಿನ ಎರಡು ಮೂರು ದಶಕಗಳ ಒಪ್ಪಿತ ಮಾತಾಯಿತು.

ಆ ಮಾತನ್ನು ಮತ್ತೆ ತಿದ್ದಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಗುರುತು ಹಾಕಿದ ಅಮೈನೋ ಆಮ್ಲಗಳನ್ನು ದೇಹ ಹೇಗೆ ಬಳಸುತ್ತದೆಂದು ಇಡೀ ದಿನ ಅಳೆದು, ಭಾರತೀಯ ವಯಸ್ಕರಿಗೆ ಬೇಕಾದ ಲೈಸೀನ್ ಎಂಬ ಅವಶ್ಯಕ ಅಮೈನೋ ಆಮ್ಲದ ಪ್ರಮಾಣ ಹಿಂದೆ ತಿಳಿದದ್ದಕ್ಕಿಂತ ಬಹಳ ಹೆಚ್ಚೆಂದು ಕಂಡುಕೊಂಡರು. 1985ರ ಅಂತರರಾಷ್ಟ್ರೀಯ ವರದಿಯಲ್ಲಿ ಕಿಲೋ ದೇಹತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಇದ್ದ ಲೈಸೀನ್ ಅಗತ್ಯ 2007ರ ವರದಿಯಲ್ಲಿ 30 ಮಿಲಿಗ್ರಾಂ ಆಯಿತು. ಇದೇ ತಂಡ ಆಮೇಲೆ ನಮ್ಮವರ ಕರುಳಿನಲ್ಲಿ ಯಾವ ಆಹಾರದ ಪ್ರೋಟೀನು ಎಷ್ಟು ಹೀರಲ್ಪಡುತ್ತದೆ ಎಂಬುದನ್ನೂ ಅಳೆಯಿತು. ಬೇಯಿಸಿದ ಮೊಟ್ಟೆ ಮತ್ತು ಕೋಳಿ ಮಾಂಸದ ಪ್ರೋಟೀನಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಅಕ್ಕಿಯದರಲ್ಲಿ ಸುಮಾರು ಎಂಟು ಪಾಲು, ಸಿಪ್ಪೆಯಿರುವ ಹೆಸರುಕಾಳಿನದರಲ್ಲಿ ಆರು ಪಾಲಿಗಿಂತ ತುಸು ಹೆಚ್ಚು, ಸಿಪ್ಪೆ ತೆಗೆದ ಮೇಲೆ ಏಳು ಪಾಲು ದೇಹಕ್ಕೆ ಸಲ್ಲುತ್ತದೆ. ಸಿಪ್ಪೆ ಸಹಿತ ಕಾಳನ್ನು ಕಣ್ಣು ಮುಚ್ಚಿ ಹೊಗಳುವವರು ಈ ಕೊನೆಯ ಅಂಕಿಗಳನ್ನು ಒಮ್ಮೆ ನೋಡಬೇಕು.

ಅನ್ನದ ಊಟಕ್ಕೆ ಈ ಲೈಸೀನ್ ಲೆಕ್ಕವೇ ಕೀಲಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನಿದೆ; ತೋಟದಲ್ಲಿ ದುಡಿಯುವವರೊಬ್ಬರು ದಿನಕ್ಕೆ 400 ಗ್ರಾಂ ಅಕ್ಕಿ ಉಂಡರೆ 32 ಗ್ರಾಂ ಪ್ರೋಟೀನು ಒಳಹೋಗುತ್ತದೆ, ಇದು ಮೇಲ್ನೋಟಕ್ಕೆ ಕಡಿಮೆಯೇನಲ್ಲ. ಆದರೆ ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ನೂರಕ್ಕೆ 4ಕ್ಕಿಂತ ಕಡಿಮೆಯಿರುವುದರಿಂದ ಆ ಅಕ್ಕಿಯಿಂದ ಸಿಗುವ ಲೈಸೀನ್ ಸುಮಾರು 1.2 ಗ್ರಾಂ, ಅದರಲ್ಲೂ ದೇಹಕ್ಕೆ ಸಲ್ಲುವುದು ಒಂದು ಗ್ರಾಂಗಿಂತ ಕಡಿಮೆ. 65 ಕಿಲೋ ದೇಹಕ್ಕೆ ಬೇಕಾದದ್ದು 1.95 ಗ್ರಾಂ. ಒಂದು ಅವಶ್ಯಕ ಅಮೈನೋ ಆಮ್ಲ ಅರ್ಧಕ್ಕೆ ನಿಂತರೆ ಉಳಿದವು ಎಷ್ಟಿದ್ದರೂ ಪ್ರೋಟೀನಿನ ನಿರ್ಮಾಣ ಅಲ್ಲಿಗೇ ನಿಲ್ಲುತ್ತದೆ. ಆ ಅಕ್ಕಿಗೆ ದಿನಕ್ಕೆ 60 ಗ್ರಾಂ ಬೇಳೆ ಸೇರಿದರೆ ದೇಹಕ್ಕೆ ಸಲ್ಲುವ ಲೈಸೀನ್ 1.6 ಗ್ರಾಂಗೆ ಏರುತ್ತದೆ, ಅದರ ಮೇಲೆ ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಬಿದ್ದರೆ ಅಗತ್ಯ ತುಂಬುತ್ತದೆ. ಬೇಳೆಯಿಲ್ಲದೆ ನೂರು ಗ್ರಾಂ ಹಂದಿ ಮಾಂಸವೊಂದೇ ಸೇರಿದರೂ ಲೆಕ್ಕ ಮೀರಿ ತುಂಬುತ್ತದೆ. ಆದರೆ ತಳ ಕಾಣುವಷ್ಟು ತೆಳುವಾದ, ಒಬ್ಬರ ಪಾಲಿಗೆ 20 ಗ್ರಾಂ ಬೇಳೆಯೂ ಬೀಳದ ಸಾರಿನಲ್ಲಿ ಕಲಸಿದ ಅನ್ನ ಅಗತ್ಯದ ನೂರಕ್ಕೆ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೊಡಗಿನಲ್ಲಿ ಒಂದೇ ಗದ್ದೆಯ ಅಕ್ಕಿಯನ್ನುಣ್ಣುವ ಎರಡು ಮನೆಗಳ ಪೋಷಣೆಯ ಅಂತರವನ್ನು ಸೃಷ್ಟಿಸುವುದು ಈ ಸಾರಿನ ಗಟ್ಟಿತನವೇ.

ಬೇಳೆ ಇಲ್ಲಿ ತೆಳುವಾಗುವುದಕ್ಕೆ ನೆಲದ ಕಾರಣವೂ ಇದೆ. ವರ್ಷಕ್ಕೆ ಸರಾಸರಿ 2,700 ಮಿಲಿಮೀಟರಿನಷ್ಟು ಮಳೆ ಸುರಿಯುವ, ಭಾಗಮಂಡಲದ ಕಡೆ ಅದರ ಇಮ್ಮಡಿ ಸುರಿಯುವ ಜಿಲ್ಲೆಯಲ್ಲಿ ತೊಗರಿ, ಕಡಲೆಗಳು ಬೆಳೆಯುವುದಿಲ್ಲ. ಅವು ಯಾವಾಗಲೂ ಮೈಸೂರು ಕಡೆಯ ಬಯಲಿನಿಂದ ಸಂತೆಗೆ ಬಂದು ಹಣ ಕೊಟ್ಟವರ ಮನೆಗೆ ಹೋಗುವ ವಸ್ತುಗಳು. ಕಣಿವೆಯ ಗದ್ದೆಗಳಲ್ಲಿ ವರ್ಷಕ್ಕೊಂದು ಬೆಳೆ ಭತ್ತ, ಗುಡ್ಡದ ಮೈಯಲ್ಲಿ ಕಾಫಿ, ಮೆಣಸು, ಏಲಕ್ಕಿ: ನೆಲ ಕೊಡುವುದು ಪಿಷ್ಟ ಮತ್ತು ಹಣ. ಹಿಂದೆ ಘಟ್ಟದ ಕೆಳಗಿನ ಮಲಬಾರಿಗೆ ಎತ್ತಿನ ಹೇರಿನಲ್ಲಿ ಅಕ್ಕಿ ಇಳಿದು ಅಲ್ಲಿಂದ ಉಪ್ಪು, ಒಣಮೀನು ಮೇಲೇರುತ್ತಿದ್ದ ವ್ಯಾಪಾರ ಈ ಕೊರತೆಯನ್ನು ಒಂದಿಷ್ಟು ತುಂಬುತ್ತಿತ್ತು. ನೀರಿಂಗಿದ ಒಣಮೀನು ತೂಕಕ್ಕೆ ಹೋಲಿಸಿದರೆ ಪ್ರೋಟೀನಿನ ಅತ್ಯಂತ ಸಾಂದ್ರ ರೂಪಗಳಲ್ಲೊಂದು, ಮಳೆಗಾಲದಲ್ಲಿ ಕೆಡದೆ ಉಳಿಯುವಂಥದ್ದು. ಇಂದಿಗೂ ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರಗಳ ಸಂತೆಯಲ್ಲಿ ಅಗ್ಗದ ಮತ್ತಿ ಮೀನು ಮತ್ತು ಒಣಮೀನುಗಳು ಲೈನ್ ಮನೆಗಳ ಪಾಲಿಗೆ ಪಂದಿ ಕರಿಗಿಂತ ಹೆಚ್ಚು ಅರ್ಥವುಳ್ಳ ಆಹಾರ, ಆದರೆ ಕೊಡಗಿನ ಅಡುಗೆಯನ್ನು ಕುರಿತ ಬಣ್ಣದ ಪುಸ್ತಕಗಳಲ್ಲಿ ಅವುಗಳ ಚಿತ್ರ ಅಪರೂಪ.

ಕಾಳುಗಳ ಪೈಕಿ ಈ ಸೀಮೆಯ ಅಡುಗೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಹುರುಳಿ. ಕೊಡವರ ಮುದರೆ ಕಣಿ, ಗೌಡರ ಮತ್ತು ತುಳುವರ ಹುರುಳಿ ಸಾರು, ಇವು ಹುರುಳಿಯನ್ನು ಗಂಟೆಗಟ್ಟಲೆ ಬೇಯಿಸಿ ರಸವನ್ನು ಗಟ್ಟಿಯಾಗಿಸುವ ಅಡುಗೆಗಳು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಅಕ್ಕಿಗೆ ಸಾಲದ ಲೈಸೀನ್ ಇದರಲ್ಲಿ ಧಾರಾಳ. ಕಾಳುಗಳಿಗೆ ಸಾಲದ ಗಂಧಕಯುಕ್ತ ಅಮೈನೋ ಆಮ್ಲಗಳು ಅಕ್ಕಿಯಲ್ಲಿವೆ. ಹಸಿ ಹುರುಳಿಯಲ್ಲಿ ಜೀರ್ಣಕಿಣ್ವವನ್ನು ತಡೆಯುವ ವಸ್ತುಗಳಿರುವುದರಿಂದ ನೆನೆಸುವುದು, ಮೊಳಕೆ ಬರಿಸುವುದು, ಚೆನ್ನಾಗಿ ಕುದಿಸುವುದು ಬರಿಯ ರುಚಿಯ ವಿಷಯವಲ್ಲ. ಒಂದು ತೊಡಕು ಮಾತ್ರ ಉಳಿಯುತ್ತದೆ: ಕಟ್ಟನ್ನು ಬಸಿದು ಉಂಡು ಕಾಳನ್ನು ದನಕ್ಕೆ ಹಾಕುವ ಮನೆಗಳಲ್ಲಿ ಹುರುಳಿಯ ಬಹುಪಾಲು ಪ್ರೋಟೀನು ಕೊಟ್ಟಿಗೆಗೆ ಹೋಗುತ್ತದೆ.

ಮಳೆಗಾಲದ ಕಕ್ಕಡ ತಿಂಗಳಿನ ಆಹಾರಕ್ಕೆ ಕೊಡಗಿನಲ್ಲಿ ವಿಶೇಷ ಗೌರವವಿದೆ, ಅದರ ಪೋಷಣೆಯ ಬಗ್ಗೆ ಉತ್ಪ್ರೇಕ್ಷೆಯೂ ಅಷ್ಟೇ ಇದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಕಾಲದಲ್ಲಿ ಬಿದಿರ ಕಣಿಲೆ, ಅಣಬೆ, ಕೆಸುವಿನ ಎಲೆ, ತೆರ್ಮೆ ಎಂಬ ಜರಿಗಿಡದ ಚಿಗುರು ಅಡುಗೆಮನೆಗೆ ಬರುತ್ತವೆ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಕಣಿಲೆಯಲ್ಲಿರುವ ಸಯನೈಡ್ ಹುಟ್ಟಿಸುವ ವಿಷವಸ್ತುವನ್ನು ಕಳೆಯಲು ಹೆಚ್ಚಿ ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸುವ ಕ್ರಮ ಒಳ್ಳೆಯ ಪಾಕವಿವೇಕ. ಆದರೆ ಹಸಿ ಕಣಿಲೆಯಲ್ಲಾಗಲಿ ಅಣಬೆಯಲ್ಲಾಗಲಿ ನೂರು ಗ್ರಾಂಗೆ ಎರಡು ಮೂರು ಗ್ರಾಂ ಪ್ರೋಟೀನು ಸಿಕ್ಕರೆ ಹೆಚ್ಚು. ನಾರಿಗೆ, ಖನಿಜಕ್ಕೆ, ರುಚಿಗೆ ಅವನ್ನು ಮೆಚ್ಚಬೇಕೇ ಹೊರತು ಮಾಂಸಕ್ಕೆ ಸಮವೆಂದು ಹೇಳುವುದು ಸಲ್ಲದು. ಒಣಗಿಸಿಟ್ಟು ಮಳೆಗಾಲದಲ್ಲಿ ಸಾರಿಗೆ ಹಾಕುವ ಹಲಸಿನ ಬೀಜ ಇವುಗಳಿಗಿಂತ ಮೇಲು. ಹಸಿ ಬೀಜದಲ್ಲೇ ಆರೇಳು ಗ್ರಾಂ ಇರುತ್ತದೆ.

ಆ ಕಾಲದ ನಿಜವಾದ ಪ್ರೋಟೀನು ಸಿಗುತ್ತಿದ್ದದ್ದು ಕೆಸರಿನಲ್ಲಿ. ನಾಟಿಯ ಗದ್ದೆಯ ಬದುವಿನ ಬಿಲಗಳ ಏಡಿ, ತೋಡು ಮತ್ತು ಗದ್ದೆಯ ನಡುವೆ ಹತ್ತಿ ಇಳಿಯುವ ಸಣ್ಣ ಮೀನು, ಇವಕ್ಕೆ ಹಣ ಬೇಕಿರಲಿಲ್ಲ, ಹಿಡಿಯುವ ಕೈಚಳಕ ಸಾಕಿತ್ತು. ಯರವರ ಮತ್ತು ಕುರುಬರ ಮಕ್ಕಳಿಗೆ ಆ ಕೈಚಳಕ ಎಳೆಯ ವಯಸ್ಸಿನಲ್ಲೇ ಬರುತ್ತಿತ್ತು. ಭತ್ತದ ಗದ್ದೆ ಅಕ್ಕಿಯ ಜೊತೆಗೆ ಅಕ್ಕಿಯ ಕೊರತೆಯನ್ನು ತುಂಬುವ ಪ್ರಾಣಿಯನ್ನೂ ತಾನೇ ಸಾಕುತ್ತಿತ್ತು ಎಂಬುದು ಕೃಷಿ ಅಂಕಿಅಂಶಗಳಲ್ಲಿ ಎಂದೂ ದಾಖಲಾಗದ ಸಂಗತಿ. ಕೂಲಿಯಾಳಿನ ಅಭಾವ, ಆನೆ ಹಂದಿಗಳ ಹಾವಳಿ, ಕಾಫಿಯ ಆದಾಯದ ಮುಂದೆ ಭತ್ತದ ಆದಾಯ ಏನೇನೂ ಅಲ್ಲದಿರುವುದು, ಇವುಗಳಿಂದ ಗದ್ದೆಗಳು ಪಾಳು ಬಿದ್ದಾಗ ಅಥವಾ ಅಡಿಕೆ, ಶುಂಠಿಗೆ ತಿರುಗಿದಾಗ ಪಡಿತರದ ಅಕ್ಕಿ ಭತ್ತದ ಜಾಗವನ್ನು ತುಂಬುತ್ತದೆ, ಏಡಿ ಮೀನುಗಳ ಜಾಗವನ್ನು ಯಾವುದೂ ತಾನಾಗಿ ತುಂಬುವುದಿಲ್ಲ. ಉಳಿದ ಗದ್ದೆಗಳಲ್ಲೂ ಕೀಟನಾಶಕದ ಬಳಕೆ ಈ ಜೀವಿಗಳಿಗೆ ಒಳ್ಳೆಯದು ಮಾಡಿಲ್ಲ.

ಇಷ್ಟಾದ ಮೇಲೆ ಹಂದಿ ಮಾಂಸದ ವಿಷಯಕ್ಕೆ ಬರಬಹುದು. ನಾಟಿ ಮುಗಿದು ಕೋವಿಗೆ ಪೂಜೆ ಸಲ್ಲುವ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೂ ಕಾಡುಹಂದಿಯ ಬೇಟೆಗೂ ಇದ್ದ ನಂಟು ಹಳೆಯದು. ಬೇಟೆಗೆ ಹೋದವರಿಗೆಲ್ಲ ಪಾಲು ಸಲ್ಲುತ್ತಿತ್ತು, ಉಳಿದ ಮಾಂಸ ಒಲೆಯ ಮೇಲಿನ ಹೊಗೆಯಲ್ಲಿ ಒಣಗಿ ತಿಂಗಳುಗಟ್ಟಲೆ ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಆ ಬೇಟೆ ಕಾನೂನಿನ ಹೊರಗಾಯಿತು, ಇಂದಿನ ಪಂದಿ ಕರಿ ಸಾಕಿದ ಹಂದಿಯದು. ಈ ಬದಲಾವಣೆಯ ಪೋಷಣಾ ಪರಿಣಾಮ ಎರಡು ಬಗೆಯದು. ಗುಡ್ಡ ಹತ್ತಿ ಇಳಿದ ಕಾಡುಹಂದಿಯ ಮಾಂಸಕ್ಕಿಂತ ಸಾಕುಹಂದಿಯ ಮಾಂಸದಲ್ಲಿ ಕೊಬ್ಬು ಹೆಚ್ಚು. ಚರ್ಮ ಮತ್ತು ಕೊಬ್ಬು ಸಹಿತ ತುಂಡುಗಳೇ ಇಷ್ಟವಾದ ಈ ಅಡುಗೆಯಲ್ಲಿ ಒಂದು ಬಟ್ಟಲಿನ ಶಕ್ತಿಯ ಬಹುಭಾಗ ಕೊಬ್ಬಿನಿಂದಲೇ ಬರುತ್ತದೆ. ಎರಡನೆಯದಾಗಿ, ಪಾಲಿನಿಂದ ಬರುತ್ತಿದ್ದ ಮಾಂಸ ಈಗ ಅಂಗಡಿಯಿಂದ ಬರುತ್ತದೆ, ಆದ್ದರಿಂದ ಅದು ವಾರದ ಕೂಲಿಗೆ ತಕ್ಕಂತೆ ಮಾತ್ರ ಬರುತ್ತದೆ. ತೆಳು ಮಾಂಸದಲ್ಲಿ ನೂರು ಗ್ರಾಂಗೆ 20 ಗ್ರಾಂನಷ್ಟು ಉತ್ತಮ ಪ್ರೋಟೀನು, ಥಯಮಿನ್, ಸತು, ಸುಲಭವಾಗಿ ಹೀರಲ್ಪಡುವ ಕಬ್ಬಿಣ ಇರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೂ, ಹಂದಿಯನ್ನೊಳಗೊಂಡ ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಂಭವವಿರುವವುಗಳ ಪಟ್ಟಿಗೂ ಸೇರಿಸಿರುವುದೂ ನಿಜ. ವಾರಕ್ಕೊಮ್ಮೆ ಕೊಬ್ಬು ಕಡಿಮೆ ಮಾಡಿ, ಲಾಡಿಹುಳುವಿನ ಭಯವಿಲ್ಲದಂತೆ ಚೆನ್ನಾಗಿ ಬೇಯಿಸಿ ಉಣ್ಣುವ ಮನೆಗೆ ಇವೆರಡು ಸಂಗತಿಗಳ ನಡುವೆ ವಿರೋಧವೇನಿಲ್ಲ. ದಿನವೂ ಹುರಿದ ಹಂದಿ ಬಯಸುವವರಿಗೆ ಇದೆ.

ಮಾಂಸವಿಲ್ಲದೆಯೂ ಕೊಡಗಿನಲ್ಲಿ ಪೂರ್ಣ ಊಟ ಇದ್ದೇ ಇದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮಾಂಸ ಮದ್ಯಗಳನ್ನು ತೊರೆದು ಜನಿವಾರ ಧರಿಸಿದ ಅಮ್ಮ ಕೊಡವರನ್ನು ವಿವರಿಸಿದ್ದಾರೆ; ಮೇಲ್ಜಾತಿಯ ಆಚಾರಗಳನ್ನು ಅನುಸರಿಸುವ ಸಂಸ್ಕೃತೀಕರಣವೆಂಬ ಅವರ ವಿಚಾರಕ್ಕೆ ಊಟದ ಎಲೆಯೂ ಒಂದು ಸಾಕ್ಷಿಯಾಯಿತು. ಉಳಿದ ಕೊಡವರೂ ಅಕ್ಟೋಬರಿನ ಕಾವೇರಿ ಸಂಕ್ರಮಣದಂದು ದೋಸೆ ಮತ್ತು ಕುಂಬಳದ ಕರಿಯಂಥ ಸಸ್ಯಾಹಾರಕ್ಕೆ ನಿಲ್ಲುತ್ತಾರೆ. ಸಸ್ಯಾಹಾರಿ ಮನೆಗಳಲ್ಲಿ ಪ್ರೋಟೀನಿನ ಭಾರ ಹಾಲಿನ ಮೇಲೆ ಬೀಳುತ್ತದೆ; ಹಾಲಿನಲ್ಲಿ ತರಿ ಬೇಯಿಸಿದ ಪಾಪುಟ್ಟು ಅಕ್ಕಿಯ ಕೊರತೆಯನ್ನು ಅದೇ ತಟ್ಟೆಯಲ್ಲಿ ಸರಿಪಡಿಸುವ ತಿಂಡಿ. ಇಂದಿನ ಕರ್ನಾಟಕದ ಮೊದಲ ಡೇರಿ ಸ್ಥಾಪನೆಯಾದದ್ದು 1955ರಲ್ಲಿ, ಆಗ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗಿನ ಕೂಡಿಗೆಯಲ್ಲಿ. ಹಾಗಿದ್ದರೂ ಹಸಿರು ಇಷ್ಟೊಂದಿರುವ ಜಿಲ್ಲೆ ಹಾಲಿನ ನಾಡಾಗಿ ಬೆಳೆಯದೆ ಹಾಸನದ ಹಾಲು ಒಕ್ಕೂಟದ ಒಂದು ಭಾಗವಾಗಿ ಉಳಿದಿದೆ, ಏಕೆಂದರೆ ಕಾಫಿಯ ನೆರಳಿನಡಿ ಹುಲ್ಲುಗಾವಲಿಗೆ ಜಾಗವಿಲ್ಲ.

ಕೊರತೆ ನಿಜವಾಗಿ ನೆಲೆಸಿರುವುದು ಬುಡಕಟ್ಟು ಜನರ ಹಾಡಿಗಳಲ್ಲಿ ಮತ್ತು ಲೈನ್ ಮನೆಗಳಲ್ಲಿ. ರಾಜ್ಯದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಎರಡು ಬುಡಕಟ್ಟುಗಳಲ್ಲಿ ಜೇನುಕುರುಬರದು ಒಂದು, ಕೊರಗರದು ಇನ್ನೊಂದು. ಗೆಣಸು, ಸೊಪ್ಪು, ಜೇನು, ಹೊಳೆ ಮೀನು, ಸಣ್ಣ ಬೇಟೆ ಕೂಡಿದ ಜೇನುಕುರುಬರ ಹಳೆಯ ಊಟ ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾಗಿ ಮುಚ್ಚಿಕೊಂಡ ಮೇಲೆ ಪಡಿತರದ ಅಕ್ಕಿಗೆ ಇಳಿಯಿತು; ವನ್ಯಜೀವಿಯ ಪರವಾದ ವಾದ ಎಷ್ಟೇ ಸರಿಯಿದ್ದರೂ ಈ ನಷ್ಟದ ಲೆಕ್ಕವನ್ನು ಅದರ ಜೊತೆಗೇ ಬರೆಯಬೇಕಾಗುತ್ತದೆ. ಕಾಡನ್ನು ನೆಚ್ಚಿದ ಬುಡಕಟ್ಟು ಕುಟುಂಬಗಳಿಗೆ ಕೆಲಸವೂ ಸಿಗದ, ಕಾಡಿನ ಉತ್ಪನ್ನವೂ ಸಿಗದ ಮಳೆಗಾಲದ ತಿಂಗಳುಗಳಿಗೆಂದು ಸರ್ಕಾರ ರೂಪಿಸಿದ ಪೌಷ್ಟಿಕ ಆಹಾರ ಯೋಜನೆಯಲ್ಲಿ ಅಕ್ಕಿ, ರಾಗಿಗಳ ಜೊತೆಗೆ ಬೇಳೆ, ಕಾಳು, ಮೊಟ್ಟೆ, ತುಪ್ಪ, ಬೆಲ್ಲ ಸೇರಿರುವುದು ಪೋಷಣಾಶಾಸ್ತ್ರದ ದೃಷ್ಟಿಯಿಂದ ಸರಿಯಾದ ಆಯ್ಕೆ: ಮೊಟ್ಟೆ ಲೈಸೀನನ್ನೂ, ತುಪ್ಪ ಬೆಲ್ಲಗಳು ಆ ಪ್ರೋಟೀನು ಉರಿದುಹೋಗದಂತೆ ತಡೆಯುವ ಶಕ್ತಿಯನ್ನೂ ಒದಗಿಸುತ್ತವೆ. ಮೊಟ್ಟೆಯ ಗುಣಮಟ್ಟ, ವಿತರಣೆಯ ನಿಯಮಿತತೆ ಇವು ಆಡಳಿತದ ಪ್ರಶ್ನೆಗಳು, ಯೋಜನೆಯ ಫಲ ನಿಂತಿರುವುದೂ ಅವುಗಳ ಮೇಲೆಯೇ.

ಶಾಲೆ ಮತ್ತು ಅಂಗನವಾಡಿಯ ಊಟದ ಕಥೆ ಇದಕ್ಕಿಂತ ಆಶಾದಾಯಕ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಟ್ಟಿತು. 2017ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ, ಹಾಲು, ಮೊಟ್ಟೆಗಳನ್ನು ಒದಗಿಸತೊಡಗಿತು. ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರ ಕೊನೆಯಲ್ಲಿ ಉತ್ತರದ ಜಿಲ್ಲೆಗಳಲ್ಲಿ ವಿವಾದಗಳ ನಡುವೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನು ಏಳೆಂಟು ವರ್ಷದ ಮಗುವಿನ ದಿನದ ಅಗತ್ಯದ ಕಾಲುಭಾಗದಷ್ಟಾಗುತ್ತದೆ. ಬಾಳೆಹಣ್ಣಿನಲ್ಲಿ ಒಂದು ಗ್ರಾಂನ ಆಸುಪಾಸು ಮಾತ್ರ ಇರುವುದರಿಂದ ಅದನ್ನು ಮೊಟ್ಟೆಗೆ ಬದಲಿಯೆನ್ನುವುದು ಸೌಜನ್ಯದ ಮಾತಷ್ಟೇ. ಕಡಲೆಕಾಯಿ ಚಿಕ್ಕಿಗೆ ಆ ಹೆಸರು ಸ್ವಲ್ಪ ಒಪ್ಪುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಈ ಕುಳ್ಳುತನಕ್ಕೆ ಪ್ರೋಟೀನೊಂದೇ ಕಾರಣವಲ್ಲ, ಪದೇ ಪದೇ ಬರುವ ಭೇದಿ, ತಾಯಿಯ ರಕ್ತಹೀನತೆ, ಕುಡಿಯುವ ನೀರು ಎಲ್ಲವೂ ಅದರಲ್ಲಿ ಸೇರಿವೆ. ಹಾಗೆಂದು ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಬರಿ ಗಂಜಿಯಲ್ಲಿ ಬೆಳೆದ ಮಗುವಿಗೆ ಆರನೆಯ ವರ್ಷದ ಮೊಟ್ಟೆ ಕಳೆದ ಎತ್ತರವನ್ನು ಮರಳಿ ಕೊಡಲಾರದೆಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ತುದಿಯಲ್ಲಿ ಅತಿಯ ಸಮಸ್ಯೆಯಿದೆ. ಸೈನ್ಯಕ್ಕೂ ಹಾಕಿಗೂ ಹೆಸರಾದ, 1997ರಿಂದ ಕೊಡವ ಕುಟುಂಬಗಳ ನಡುವೆ ಹಾಕಿ ಉತ್ಸವ ನಡೆಸುತ್ತ ಬಂದಿರುವ ಜಿಲ್ಲೆಯಲ್ಲಿ ಮೈಕಟ್ಟಿನ ಆಸೆಗೆ ಪ್ರೋಟೀನು ಪುಡಿಯ ಡಬ್ಬಿ ಸುಲಭವಾಗಿ ಮಾರಾಟವಾಗುತ್ತದೆ. ಕಠಿಣ ತರಬೇತಿಯಲ್ಲಿರುವ ಆಟಗಾರರಿಗೆ ಕಿಲೋಗೆ 1.2ರಿಂದ 2 ಗ್ರಾಂವರೆಗೆ ಬೇಕೆಂಬುದು ಕ್ರೀಡಾ ಪೋಷಣೆಯ ಒಪ್ಪಿತ ಅಂದಾಜು. ಅದನ್ನು ಮೀನು, ಮೊಟ್ಟೆ, ಕೋಳಿ, ಕಾಳುಗಳಿರುವ ಮನೆಯ ಊಟ ಪೂರೈಸಬಲ್ಲದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಸ್ನಾಯು ಬೆಳೆಸಲು ಪುಡಿಗಳನ್ನು ನೆಚ್ಚುವುದು ಬೇಡವೆಂದೇ ಹೇಳಿದೆ. ಮೂತ್ರಪಿಂಡದ ಕಾಯಿಲೆಯಿರುವವರಿಗೆ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಿಗೆ ಹೆಚ್ಚಿನ ಪ್ರೋಟೀನು ಕೇಡು. ಅವರ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು.

ಡಬ್ಬಿಯ ಪ್ರೋಟೀನು ಹೆಚ್ಚಾಗಿ ಬೇಡದವರ ಕೈ ಸೇರುತ್ತಿರುವಾಗ ನಿಜವಾಗಿ ಬೇಕಾದ ಒಂದು ವರ್ಗ ಜಿಲ್ಲೆಯಲ್ಲಿ ಸದ್ದಿಲ್ಲದೆ ಹೆಚ್ಚುತ್ತಿದೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ವಯಸ್ಸಾದವರಿಬ್ಬರೇ ಉಳಿದ ತೋಟದ ಮನೆಗಳು ಇಂದು ಕೊಡಗಿನ ಎಲ್ಲ ನಾಡುಗಳಲ್ಲಿವೆ. ವಯಸ್ಸಾದಂತೆ ದೇಹವು ಉಂಡ ಪ್ರೋಟೀನನ್ನು ಸ್ನಾಯುವಾಗಿ ಬಳಸಿಕೊಳ್ಳುವ ಚುರುಕು ತಗ್ಗುತ್ತದೆ, ಆದ್ದರಿಂದ ಮುಪ್ಪಿನಲ್ಲಿ ಕಿಲೋಗೆ 1ರಿಂದ 1.2 ಗ್ರಾಂ ಒಳ್ಳೆಯದೆಂದು 2013ರ ಒಂದು ಅಂತರರಾಷ್ಟ್ರೀಯ ತಜ್ಞ ಸಮೂಹ ಸಲಹೆ ಮಾಡಿದೆ. ಆದರೆ ಹಲ್ಲು ಸಡಿಲವಾಗಿ, ಇಬ್ಬರಿಗಾಗಿ ಅಡುಗೆ ಮಾಡುವ ಉತ್ಸಾಹ ಕುಗ್ಗಿ, ಮಾಂಸವನ್ನು ಕೊಲೆಸ್ಟರಾಲಿನ ಹೆದರಿಕೆಯಿಂದ ಬಿಟ್ಟು, ಬೆಳಗಿಗೆ ಅಕ್ಕಿ ಒಟ್ಟಿ ಚಟ್ನಿ, ರಾತ್ರಿಗೆ ಗಂಜಿ ಉಪ್ಪಿನಕಾಯಿ ಎಂಬಲ್ಲಿಗೆ ಊಟ ಬಂದು ನಿಲ್ಲುವುದು ಇದೇ ವಯಸ್ಸಿನಲ್ಲಿ. ಕಾಲಿನ ಸ್ನಾಯು ಸೊರಗಿದವರಿಗೆ ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಅಪಾಯ ಹೆಚ್ಚು. 50 ಕಿಲೋ ತೂಕದ ಅಜ್ಜಿಗೆ ದಿನಕ್ಕೆ ಬೇಕಾದದ್ದು 50ರಿಂದ 60 ಗ್ರಾಂ. ಬೆಳಗಿನ ಒಟ್ಟಿಯ ಜೊತೆ ಮನೆಯ ಕೋಳಿಯ ಒಂದು ಮೊಟ್ಟೆ ಆರು ಗ್ರಾಂ, ರಾತ್ರಿಯ ಗಂಜಿಗೆ ಅಕ್ಕಿಯೊಡನೆ ಬೇಯಲು ಹಾಕಿದ 30 ಗ್ರಾಂ ಹೆಸರುಬೇಳೆ ಏಳು ಗ್ರಾಂ, ಮಲಗುವ ಮುಂಚಿನ ಲೋಟ ಹಾಲು ಇನ್ನಾರು ಗ್ರಾಂ: ಅಗಿಯಲು ಕಷ್ಟವಿಲ್ಲದ ಈ ಮೂರು ಸೇರಿ ಅಗತ್ಯದ ಮೂರನೆಯ ಒಂದು ಪಾಲಾಗುತ್ತವೆ, ಉಳಿದದ್ದನ್ನು ಮಧ್ಯಾಹ್ನದ ಅನ್ನವೂ ಅದರ ಮೇಲೆ ಬೀಳುವ ಹುರುಳಿ ಸಾರೋ ಮೀನು ಸಾರೋ ಹೊರಬೇಕು.